ಎಂಟು ಎಸಳಿನ ಗಚ್ಚಿನ ಹೂ

ಆ ಹೂವನ್ನು ಕೆಡವಿದ್ದು ನಾನು. ಮಳೆಯಲ್ಲ, ಮಂಗಗಳಲ್ಲ, ಶರಣಮ್ಮನ ಬಟ್ಟೆ ಹಗ್ಗವಂತೂ ಅಲ್ಲವೇ ಅಲ್ಲ — ನಾನು, ಕೈಯಾರೆ, ಕ್ಯಾಮೆರಾ ಸ್ಟ್ಯಾಂಡಿನ ಕಾಲಿನಿಂದ.

ನಾನು ಮೆಹದಿಪಟ್ಟಣಂನ ಶಾಲೆಯೊಂದರಲ್ಲಿ ಟೀಚರ್, ಹುಟ್ಟೂರು ಬೀದರ್. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಳೇ ಶಹರದ ಹವೇಲಿಗಳನ್ನು ಹುಡುಕಿಕೊಂಡು ಹೊರಡುವ ಹುಚ್ಚು ನನಗೆ. ಬಿರಿದ ಗೋಡೆ, ಪಾಚಿಗಟ್ಟಿದ ಕಮಾನು, ಬಣ್ಣ ಉದುರಿದ ಬಾಗಿಲು — ಫೋಟೋದಲ್ಲಿ ಇವು ಅದೆಷ್ಟು ಚೆಂದ ಕಾಣುತ್ತವೆ ಎಂದು ನಾನು ಹೇಳಿದರೆ ಮನೆಯವರು ನಗುತ್ತಿದ್ದರು.

ಅಂಥದೊಂದು ಹವೇಲಿಯ ಒಡತಿಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಹಿಂದಿನ ಕೋಣೆಯಲ್ಲಿ ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಶರಣಮ್ಮನ ಸಂಸಾರ. ಆ ಭಾನುವಾರ ಹಿತ್ತಿಲ ಕಮಾನಿನ ಮೇಲೆ ಒಳ್ಳೇ ಬಿಸಿಲಿತ್ತು. ಗೋಡೆಯೆಲ್ಲ ಹಾಳಾಗಿದ್ದರೂ ಸುಣ್ಣದ ಗಚ್ಚಿನಲ್ಲಿ ಮಾಡಿದ ಒಂದೇ ಒಂದು ಹೂ ಮಾತ್ರ ಅಚ್ಚುಕಟ್ಟಾಗಿ ಉಳಿದಿತ್ತು. ಒಂದು ಫೋಟೋ ತೆಗೆದೆ. ಸಮಾಧಾನವಾಗಲಿಲ್ಲ. ಈ ಹೂವೊಂದು ಇರದಿದ್ದರೆ ಪಾಳು ಪೂರ್ತಿಯಾಗುತ್ತಿತ್ತು ಅನ್ನಿಸಿತು. ಬರೀ ಅನ್ನಿಸಿ ಬಿಟ್ಟಿದ್ದರೆ — ಬಿಡಲಿಲ್ಲ. ಸ್ಟ್ಯಾಂಡನ್ನು ಉದ್ದಕ್ಕೆ ಎಳೆದು ತಿವಿದೆ. ಹೂ ಬಿದ್ದು ಪುಡಿಯಾಯಿತು. ಒಳಗಿನ ಕೆಂಪು ಇಟ್ಟಿಗೆಯ ಮೇಲೆ ಬಿಸಿಲು ಬಿತ್ತು. ಎರಡನೇ ಫೋಟೋ ತೆಗೆದೆ. ದೇವರಾಣೆಗೂ ತುಂಬಾ ಚೆಂದ ಬಂದಿತ್ತು.

ಸದ್ದು ಕೇಳಿ ಖಾಲಾ ಓಡಿಬಂದರು. ಹಿತ್ತಿಲಲ್ಲಿ ಶರಣಮ್ಮ ಕಟ್ಟಿದ್ದ ಬಟ್ಟೆ ಹಗ್ಗ ನೋಡಿ, ಇದರಿಂದಲೇ ಬಿತ್ತಾ ಎಂದು ಉರ್ದುವಿನಲ್ಲಿ ಕೇಳಿದರು.

“ಹೌದು, ಹಗ್ಗ ಜಗ್ಗಿರಬೇಕು,” ಎಂದುಬಿಟ್ಟೆ.

ಶರಣಮ್ಮ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆ ಪಗಡೆ ಹೊರಗಿದ್ದವು. ಆ ಸಂಸಾರ ಶಂಶಾಬಾದ್ ಕಡೆ ಹೋಯಿತೆಂದು ಆಮೇಲೆ ತಿಳಿಯಿತು. ಸ್ಪರ್ಧೆಯೊಂದರಲ್ಲಿ ನನ್ನ ಎರಡನೇ ಫೋಟೋಗೆ ಬಹುಮಾನ ಬಂತು. ನಾಚಿಕೆಯಿಲ್ಲದೆ ಹಾರ ಹಾಕಿಸಿಕೊಂಡೆ. ಮೊದಲನೆಯದನ್ನು ಬಚ್ಚಿಟ್ಟೆ. ಅದರಲ್ಲಿ ಹೂವಿತ್ತು, ಹಗ್ಗವೂ ಇತ್ತು — ಕಿಟಕಿಯ ಸರಳಿಗೆ ಕಟ್ಟಿದ್ದು, ಹೂವಿನಿಂದ ಮಾರುದೂರ.

ಆರು ವರ್ಷ ಕಳೆದವು. ಹೋದ ಚಳಿಗಾಲ ಖಾಲಾ ಫೋನ್ ಮಾಡಿದರು. ಹವೇಲಿ ದುರಸ್ತಿ ನಡೆದಿದೆ, ಹೂ ಹೇಗಿತ್ತೆಂದು ಯಾರಿಗೂ ನೆನಪಿಲ್ಲ, ಹಳೇ ಫೋಟೋ ಇದೆಯಾ? ಇಲ್ಲದಿದ್ದರೆ ಜಾಗ ಬೋಳು ಬಿಡುತ್ತಾರಂತೆ. ಗಚ್ಚಿನ ಕೆಲಸ ಕಲಿತು ಬಂದ ಗುಂಪಿನಲ್ಲಿ ಆ ಶರಣಮ್ಮನೂ ಇದ್ದಾಳೆ, ಈ ಸಲ ಏನು ಬೀಳಿಸುತ್ತಾಳೋ, ಕಣ್ಣಿಟ್ಟಿದ್ದೇನೆ ಎಂದರು.

ಇಲ್ಲ ಎಂದೆ. ಮೂರು ದಿನ ಬಚ್ಚಿಟ್ಟ ಫೋಟೋ ತೆಗೆದು ನೋಡಿ ಮತ್ತೆ ಒಳಗಿಟ್ಟೆ. ನಾಲ್ಕನೇ ದಿನ ಎರಡೂ ಫೋಟೋಗಳನ್ನು ಪ್ರಿಂಟ್ ಹಾಕಿಸಿ, ಹವೇಲಿಗೆ ಹೋಗಿ, ಖಾಲಾ ಮತ್ತು ಶರಣಮ್ಮನ ಮುಂದಿಟ್ಟೆ. ಕೆಡವಿದ್ದು ನಾನೇ ಎಂದೆ.

ಶರಣಮ್ಮ ಮೊದಲ ಫೋಟೋ ಎತ್ತಿಕೊಂಡಳು.

“ಹಗ್ಗ ಕಿಡಕಿಗಿ ಕಟ್ಟೀನಿ ಅಂತ ಅವತ್ತ ಎಷ್ಟ ಹೇಳಿದ್ದೆ, ಅಕ್ಕಾರ. ಕೇಳವ್ರು ಯಾರೂ ಇರಲಿಲ್ಲ.” ಆಮೇಲೆ ಹೂವಿನ ಮೇಲೆ ಬೆರಳಿಟ್ಟು ಎಣಿಸಿದಳು. “ಎಂಟ ಎಸಳ ಅದಾವ. ಮಾಡ್ತೀನಿ.”

ಖಾಲಾ ಆಕೆಯ ಸುಣ್ಣದ ಕೈಗಳೆರಡನ್ನೂ ಹಿಡಿದುಕೊಂಡರು. ನನ್ನ ಕಡೆ ತಿರುಗಲಿಲ್ಲ.

ಕೆಲಸ ಮುಗಿದು ಕಮಾನಿನ ಮುಂದೆ ಕಟ್ಟಿದ್ದ ಸಾರುವೆ ಬಿಚ್ಚಿದ ದಿನ ಓಣಿಯೇ ನೆರೆದಿತ್ತು. ಕಮಾನಿನ ಮೇಲೆ ಹೂ — ಬೆಳ್ಳಗೆ, ಹೊಚ್ಚ ಹೊಸದಾಗಿ, ಎಂಟೂ ಎಸಳು. ಇದನ್ನು ಮಾಡಿದ್ದು ಶರಣಮ್ಮ ಎಂದು ಖಾಲಾ ಎಲ್ಲರನ್ನೂ ಕರೆಕರೆದು ಹೇಳಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನನಗಾದ ಖುಷಿ ಬಹುಮಾನ ಬಂದ ದಿನವೂ ಆಗಿರಲಿಲ್ಲ.

“ಈಗ ತೆಗೀರಿ ಫೋಟೋ,” ಎಂದಳು ಶರಣಮ್ಮ, ಸೆರಗು ಸರಿಮಾಡಿಕೊಂಡು ಕಮಾನಿನ ಕೆಳಗೆ ನಿಂತು. “ಹೂವೂ ಬರಬೇಕ್ರಿ, ನಾನೂ ಬರಬೇಕು.”

ತೆಗೆದೆ. ಅದೀಗ ಆಕೆಯ ಮನೆಯ ಗೋಡೆಯ ಮೇಲಿದೆ. ಬಹುಮಾನ ಹಿಂದಿರುಗಿಸಿದ್ದೇನೆ. ಪಾಳು ಗೋಡೆಗಳು ಈಗಲೂ ನನಗೆ ಚೆಂದವೇ, ಸುಳ್ಳೇಕೆ ಹೇಳಲಿ — ಮುಟ್ಟುವುದಿಲ್ಲ, ಅಷ್ಟೇ. ಶರಣಮ್ಮ ಕ್ಷಮಿಸಿದಳೋ ಇಲ್ಲವೋ, ಕೇಳುವ ಮುಖ ನನಗಿಲ್ಲ. ನನ್ನ ಮನೆಯಲ್ಲಿ ತೂಗುಹಾಕಿರುವುದು ಆ ಮೊದಲ ಫೋಟೋ, ಹಗ್ಗ ಕಿಟಕಿಗೆ ಕಟ್ಟಿದ್ದು. ಇದರಲ್ಲೇನಿದೆ ಎಂದು ಬಂದವರು ಕೇಳಿದರೆ, ಕೂರಿಸಿ, ಮೊದಲಿನಿಂದ ಹೇಳುತ್ತೇನೆ.