ಕಾಲಡಿಯ ಹೆಸರು

"ಮಾಸ್ತರ, ಆ ಕಲ್ಲು ಮೊದಲ ಕೆಳಗಿಳಸ್ರಿ!"

ಕಲಬುರಗಿಯ ನಮ್ಮ ಕಾಲೇಜಿನ ಹೊಸ ವಾಚನಾಲಯದ ಮುಂದೆ ನಿಂತು ಕಮಲಾಪುರದ ಶಿವಮ್ಮನವರು ಗದರಿದಾಗ ನಾನು ತಬ್ಬಿಬ್ಬಾದೆ. ಕೆಂಪು ಬಾಳೆಯ ತೋಟದ ಆದಾಯದಲ್ಲಿ ಅದನ್ನು ಕಟ್ಟಿಸಿಕೊಟ್ಟವರು ಅವರೇ. ಕಟ್ಟಡಗಳ ಉಸ್ತುವಾರಿ ನನ್ನದು. ಅವರ ಹೆಸರನ್ನು ಒಂದು ಕಲ್ಲಿನ ಮೇಲೆ ಕನ್ನಡದಲ್ಲಿಯೂ, ನಿಜಾಮ ಸರ್ಕಾರದ ಪದ್ಧತಿಯಂತೆ ಉರ್ದುವಿನಲ್ಲಿಯೂ ಕೆತ್ತಿಸಿ ಬಾಗಿಲ ಮೇಲೆ ಎತ್ತರದಲ್ಲಿ ಕೂಡಿಸಿದ್ದೆ. ಹಿಗ್ಗುತ್ತಾರೆಂದು ನಂಬಿದ್ದೆ.

"ಗುಡ್ಯಾಗ ಹೆಸರು ಹಾಸಗಲ್ಲಿನ ಮ್ಯಾಲ ಕೆತ್ತಸ್ತಾರ್ರಿ, ಭಕ್ತರ ಪಾದದ ಧೂಳ ಬೀಳ್ಲಿ ಅಂತ. ಓದೋ ಹುಡುಗರ ಪಾದ ಏನ್ ಕಡಿಮಿ ಏನ್ರಿ?"

ಅವರೆದುರೇ ಕಲ್ಲನ್ನು ಇಳಿಸಿ ಬಾಗಿಲ ಮುಂದೆ ಹಾಸಿಸಿದೆ. ಆದರೆ ಅಕ್ಷರ ತುಳಿಯಲು ವಿದ್ಯಾರ್ಥಿಗಳು ಒಪ್ಪಲಿಲ್ಲ; ಒಬ್ಬೊಬ್ಬರೂ ಕಲ್ಲು ದಾಟಿಕೊಂಡೇ ಒಳಗೆ ಹೋದರು. ಶಿವಮ್ಮನವರ ಮುಖ ಬಾಡಿತು. ನಾನು ಚಪ್ಪಲಿ ಕಳಚಿಟ್ಟು, ಅವರ ಹೆಸರಿನ ಮೇಲೆ ಎರಡೂ ಪಾದ ಊರಿ ನಿಂತೆ. ಹಿಂದೆ ಬಂದವರು ನನ್ನಂತೆಯೇ ಕಾಲಿಟ್ಟರು.

ಅಂದಿನಿಂದ ಗೋಡೆಗಳಿಗೆ ಎಷ್ಟೋ ಸಲ ಸುಣ್ಣ ಹೊಡೆಸಿದ್ದೇನೆ. ಆ ಕಲ್ಲಿನ ಅಕ್ಷರಗಳು ಅರ್ಧ ಸವೆದಿವೆ. ಹೊಸದಾಗಿ ಕೆತ್ತಲೇ ಎಂದು ಕಲ್ಲುಕುಟಿಗ ಮೊನ್ನೆ ಕೇಳಿದ. "ಮುಟ್ಟಬ್ಯಾಡಪಾ," ಎಂದೆ. "ಸವೀಬೇಕಾದ್ದು ಇನ್ನೂ ಅರ್ಧ ಉಳದದ."