ಹುಲ್ಲಿನಲ್ಲಿ ಮಲಗಿ ಬಂದ ಗಾಜಿನ ಕೊಳವೆಗಳು

ಎರಡು ವರ್ಷದ ಹಿಂದಿನ ಮಾತು. ಆಗ ಮಾವಿನ ಸುಗ್ಗಿ. ಕೋಲಾರದಲ್ಲಿ ನಮ್ಮದು ವಾಟರ್ ಹೀಟರಿನ ಹೋಲ್‌ಸೇಲ್ ವ್ಯಾಪಾರ. ಹೊಸದಾಗಿ ಕಟ್ಟುವ ಮನೆ, ಹಾಸ್ಟೆಲ್‌ಗಳಿಗೆ ಗೀಸರ್, ಸೋಲಾರ್ ಹೀಟರ್ ಕಳಿಸುತ್ತೇವೆ. ಲೋಡಿನ ಜೊತೆ ಹೋಗುವವರು ಯಾವಾಗಲೂ ನಮ್ಮ ಯಜಮಾನರು. ಗೋಡೌನಿನಲ್ಲಿ ಕೂತು ಫೋನ್ ಎತ್ತುವುದು ನನ್ನ ಕೆಲಸ. ಆ ವಾರ ಅವರು ಏಣಿಯಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಯಲ್ದೂರಿನ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ಮೂರು ಸೋಲಾರ್ ಹೀಟರ್, ಅಂದರೆ ಬಿಸಿಲಿಗೆ ನೀರು ಕಾಯಿಸುವ ಉದ್ದನೆಯ ಗಾಜಿನ ಕೊಳವೆಗಳಿರುವಂಥವು, ತಲುಪಿಸಬೇಕಿತ್ತು. ನಾನೇ ಹೊರಟೆ.

"ಅಕ್ಕಾ, ಗಾಜಿನ ಟ್ಯೂಬು ಹುಷಾರು. ಒಡೆದಿದ್ರೆ ಲೋಡೇ ವಾಪಸ್ ಕಳಿಸ್ತೀನಿ" ಎಂದು ಹಾಸ್ಟೆಲ್ ಕಟ್ಟಿಸುತ್ತಿದ್ದ ಕಂಟ್ರಾಕ್ಟರ್ ಮೊದಲೇ ಹೇಳಿದ್ದ.

ಶ್ರೀನಿವಾಸಪುರ ದಾಟುತ್ತಿದ್ದಂತೆ ಗಾಳಿಮಳೆ ಹಿಡಿಯಿತು. ಟೆಂಪೋಗೆ ಹೊದಿಸಿದ್ದ ಟಾರ್ಪಾಲು ಹರಿದುಹೋಯಿತು. ಡ್ರೈವರ್ ಬಾಷಣ್ಣ ರಸ್ತೆ ಬದಿಯಲ್ಲಿ ಮಾವಿನಕಾಯಿ ಆರಿಸಿ ತುಂಬುವ ಶೆಡ್ಡೊಂದರೊಳಗೆ ಗಾಡಿ ನುಗ್ಗಿಸಿದರು. ಅಷ್ಟರಲ್ಲಿ ರಟ್ಟಿನ ಡಬ್ಬಗಳೆಲ್ಲ ನೆನೆದು ಮುದ್ದೆಯಾಗಿದ್ದವು. ನೋಡೋಣವೆಂದು ಒಂದನ್ನು ಎತ್ತಿದೆ. ತಳ ಕಿತ್ತು ಆಳುದ್ದದ ಎರಡು ಕೊಳವೆಗಳು ನೆಲಕ್ಕೆ ಬಿದ್ದು ಪಟಾಕಿಯಂತೆ ಸಿಡಿದವು. ಕಾಯಿ ಆರಿಸುತ್ತಿದ್ದ ಹೆಂಗಸರು ಬೆಚ್ಚಿ ಕಿರುಚಿದರು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ.

ಅವರಲ್ಲಿ ಹಿರಿಯಳಾದ ಮುನಿವೆಂಕಟಮ್ಮ ಎದ್ದು ಬಂದು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ತಾಯೀ ಎಂದು ಕರೆದು ಕೇಳಿದಳು. "ಯಾಕ್ ತಲ್ಲೀ ಅಳ್ತೀಯ? ಯಾರಿಗಾನ ಗಾಯ ಆಯ್ತಾ?"

"ಇಲ್ಲಮ್ಮ, ಗಾಜು..."

"ಪೋನೀ ಬಿಡು. ಗಾಯ ಆಗಿಲ್ವಲ್ಲ, ಏಳು ಮತ್ತೆ."

ಡಬ್ಬದೊಳಗೆ ಇಣುಕಿ ನೋಡಿ, "ಲೇ ರತ್ನೀ, ಒಣಹುಲ್ಲು ತಾರೇ. ಬಾದಾಮಿ ಮಾವಿನಕಾಯಿನ ದೂರದೂರಿಗೆ ಕಳಿಸೋರು ನಾವು, ಇದನ್ನ ಕಳಿಸಕ್ಕಾಗಲ್ವಾ?" ಎಂದಳು.

ಕೆಲಸ ಬಿಟ್ಟು ಆರೇಳು ಹೆಂಗಸರು ಬಂದರು. ಟೆಂಪೋದಲ್ಲಿ ಮೊಣಕಾಲುದ್ದ ಹುಲ್ಲು ಹಾಸಿದರು. ಒಂದು ಸಾಲು ಕೊಳವೆ, ಅದರ ಮೇಲೆ ಹುಲ್ಲು, ಮತ್ತೆ ಕೊಳವೆ. "ಎಳೆ ಕೂಸು ಹಿಡಿದಂಗೆ ಹಿಡೀರೇ" ಎಂದು ಮುನಿವೆಂಕಟಮ್ಮ ಗದರುತ್ತಲೇ ಇದ್ದಳು. ಎಲ್ಲ ಮುಗಿಯುವಷ್ಟರಲ್ಲಿ ಮಳೆ ನಿಂತಿತ್ತು. ಆಕೆ, "ಮುಂದಕ್ಕೆ ರಸ್ತೆ ಬರೀ ಗುಂಡಿ ಕಣಮ್ಮ" ಎಂದು ರತ್ನಳನ್ನು ಕರೆದುಕೊಂಡು ತಾನೂ ಹಿಂದೆ ಹತ್ತಿ, ಕೊಳವೆಗಳನ್ನು ಹಿಡಿದು ಕೂತಳು. ಬಾಷಣ್ಣ ಎತ್ತಿನಗಾಡಿಯಷ್ಟು ನಿಧಾನವಾಗಿ ಓಡಿಸಿದರು.

ಹಾಸ್ಟೆಲಿನ ಮುಂದೆ ಕಂಟ್ರಾಕ್ಟರ್ ಟೆಂಪೋ ನೋಡಿ, "ಏನಕ್ಕಾ ಇದು, ಹೀಟರ್ ತಂದ್ರಾ, ಮಾವಿನಕಾಯಿ ತಂದ್ರಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮುನಿವೆಂಕಟಮ್ಮ, "ಎರಡು ಮಳೆ ಪಾಲಾಯ್ತು. ಮಿಕ್ಕಿದ್ದು ನಾವು ತಂದಿದೀವಿ, ನೋಡ್ಕೊಳಪ್ಪ" ಎಂದಳು. ಆತ ಹುಲ್ಲು ಸರಿಸಿ ಸರಿಸಿ ನೋಡಿದ. ಒಂದಕ್ಕೂ ಬಿರುಕಿರಲಿಲ್ಲ. ನಗುತ್ತಾ ಇಳಿಸಿಕೊಂಡ. ಒಡೆದ ಎರಡರ ಬದಲಿಗೆ ಮರುದಿನ ಬೇರೆ ಕಳಿಸಿದೆವು.

ಹೀಟರ್ ಚಾಲೂ ಆದ ಮೇಲೆ ನಾನು ಮತ್ತೆ ಆ ಶೆಡ್ಡಿಗೆ ಹೋಗಿ ಅವರಿಬ್ಬರನ್ನೂ ಹಾಸ್ಟೆಲಿಗೆ ಕರೆದುಕೊಂಡು ಹೋದೆ. ಮುನಿವೆಂಕಟಮ್ಮ ನಲ್ಲಿಗೆ ಕೈಯೊಡ್ಡಿ ಫಕ್ಕನೆ ಹಿಂದಕ್ಕೆಳೆದುಕೊಂಡಳು. "ಅಬ್ಬ! ಸೌದೆ ಇಲ್ಲ, ಹೊಗೆ ಇಲ್ಲ, ಎಷ್ಟು ಬಿಸಿ ಬರ್ತೈತೆ ನೋಡೇ!" ಆಮೇಲೆ ತಣ್ಣೀರು ಬೆರೆಸಿಕೊಂಡು, ಮಾವಿನ ಸೊನೆ ತಾಗಿ ಕಪ್ಪಾಗಿ ಸುಲಿದಿದ್ದ ಕೈಗಳನ್ನು ಎಷ್ಟೋ ಹೊತ್ತು ತೊಳೆದಳು. "ಹಾಯಾಗೈತೆ ತಲ್ಲೀ" ಎಂದು ಕಣ್ಣು ಮುಚ್ಚಿದಳು.

ಹನ್ನೆರಡು ವರ್ಷದಿಂದ ಹೀಟರ್ ಮಾರುತ್ತಿದ್ದರೂ ನನಗೆ ಅವು ಬರೀ ಲೋಡು ಆಗಿದ್ದವು. ನಾವು ಕಳಿಸಿದ ಹೀಟರಿನ ಬಿಸಿನೀರು ಒಬ್ಬರ ಕೈ ಮೇಲೆ ಬೀಳುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.