ಬಾಯಿ ಮೂಸುವ ಮುನಿಯಮ್ಮ

ಬಾಡಿಗೆ ಕುದುರೆಯ ಮುನಿಯಮ್ಮ ಮೊದಲು ಸವಾರನ ಬಾಯಿ ಮೂಸುತ್ತಿದ್ದಳು, ಆಮೇಲೆ ಲಗಾಮು ಕೊಡುತ್ತಿದ್ದಳು. ಮದುವೆಗಂಡಾಗಲಿ, ರಾಜ್ಯೋತ್ಸವದ ಮೆರವಣಿಗೆಗೆ ರಾಜನ ವೇಷ ಹಾಕಿದವನಾಗಲಿ, ಅವಳೆದುರು ಬಗ್ಗಿ ‘ಹಾ’ ಎಂದು ಉಸಿರು ಬಿಡಲೇಬೇಕು. ಕುಡಿದ ವಾಸನೆ ಬಂತೋ, ಕುದುರೆ ವಾಪಸ್ಸು ಚಾಮರಾಜಪೇಟೆಯ ಲಾಯಕ್ಕೆ. ಅವಳ ಗಂಡ ಜಟಕಾ ಓಡಿಸುತ್ತಿದ್ದವನು. ಕುಡಿದು ಬಂದು ಮೊದಲು ಕುದುರೆಗೆ, ಆಮೇಲೆ ಇವಳಿಗೆ ಬಾರಿಸುತ್ತಿದ್ದನಂತೆ. ಅವನು ಸತ್ತ ದಿನ ಕುದುರೆ ಹೊಟ್ಟೆತುಂಬ ಹುಲ್ಲು ತಿಂದಿತೆಂದು ನಗುತ್ತಾ ಹೇಳುತ್ತಿದ್ದಳು.

ನಾನು ಕಂಡ ಕುದುರೆ ಲಚ್ಚಿ, ಬೂದುಬಣ್ಣದ ಹೆಣ್ಣು. ಮುನಿಯಮ್ಮನ ಸೆರಗಿನ ಗಂಟಿನಲ್ಲಿ ಅದಕ್ಕಾಗಿ ಸದಾ ಬೆಲ್ಲವಿರುತ್ತಿತ್ತು. ಲಚ್ಚಿಯ ಬಾಯಿ ಬಹಳ ನಾಜೂಕು, ಲಗಾಮನ್ನು ಎರಡೇ ಬೆರಳಲ್ಲಿ ಹಿಡಿಯಬೇಕು ಎಂದು ಎಲ್ಲರಿಗೂ ತಾಕೀತು ಮಾಡುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲೇ ಹೈಸ್ಕೂಲ್ ಮೇಷ್ಟ್ರು, ನಮ್ಮ ಬೀದಿಯ ರಾಜ್ಯೋತ್ಸವ ಸಮಿತಿಗೆ ಕಾರ್ಯದರ್ಶಿ. ಆ ವರ್ಷ ಮುನಿಯಮ್ಮನಿಗೆ ಜೋರು ಜ್ವರ. ಲಚ್ಚಿಯ ಹಗ್ಗವನ್ನು ನನ್ನ ಕೈಗಿಟ್ಟು, “ಮೇಷ್ಟ್ರೇ, ಬಾಯಿ ಮೂಸ್ಬುಟ್ಟೇ ಹತ್ಸಿ. ನೀವು ನೋಡುದ್ರೆ ನಾನು ನೋಡ್ದಂಗೇ” ಎಂದಳು.

ರಾಜನ ವೇಷ ನಮ್ಮ ಸಮಿತಿಯ ಅಧ್ಯಕ್ಷರದು. ತಗಡಿನ ಕಿರೀಟ, ಜರಿಯ ಅಂಗಿ, ಕಣ್ಣಿಗೆ ಕರಿ ಕನ್ನಡಕ. ಬೆಳಗಿನ ಹತ್ತು ಗಂಟೆಗೇ ಏಲಕ್ಕಿ ಅಗಿಯುತ್ತಿದ್ದರು. ಹತ್ತಿರ ಹೋದರೆ ಬ್ರಾಂದಿಯೂ ಏಲಕ್ಕಿಯೂ ಬೆರೆತ ಗಬ್ಬು. ತಮಟೆಯವರು ಕಾಯುತ್ತಿದ್ದರು, ಜನ ಕಾಯುತ್ತಿದ್ದರು. ಅಷ್ಟು ಜನರೆದುರು ಅಧ್ಯಕ್ಷರಿಗೆ ಹತ್ತಬೇಡಿ ಎನ್ನಲು ನನಗೆ ಧೈರ್ಯವಾಗಲಿಲ್ಲ. ಜೀನಿನ ರಿಕಾಪಿಗೆ ಅವರ ಕಾಲನ್ನು ನಾನೇ ಎತ್ತಿಕೊಟ್ಟೆ.

ಮಾರ್ಕೆಟ್ ಕಡೆ ತಿರುಗುವಲ್ಲಿ ಯಾರೋ ಸರಪಟಾಕಿ ಹಚ್ಚಿದರು. ಲಚ್ಚಿ ಬೆಚ್ಚಿತು. ಅಧ್ಯಕ್ಷರು ಬೀಳುವ ಭಯಕ್ಕೆ ಲಗಾಮನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದರು. ಲಚ್ಚಿ ಹಿಂಗಾಲ ಮೇಲೆ ಎದ್ದು ಒದ್ದಾಡಿತು. ಕುದುರೆ ಕುಣಿಯುತ್ತಿದೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ಲಚ್ಚಿಯ ಬಾಯಿಂದ ಕೆಂಪು ನೊರೆ ಸುರಿಯುತ್ತಿದ್ದುದು ಮುಂದೆ ನಿಂತ ನನಗೆ ಕಂಡಿತು. ಅಧ್ಯಕ್ಷರು ತಗಡಿನ ಕತ್ತಿ ಎತ್ತಿ ಜೈಕಾರ ಹಾಕಿದರು, ನಾನೂ ಹಾಕಿದೆ. ಇವತ್ತಿಗೂ ನೆನೆದರೆ ಆ ಮನುಷ್ಯನ ಮೇಲೆ ಬಂದಷ್ಟೇ ಹೇಸಿಗೆ ನನ್ನ ಮೇಲೂ ಬರುತ್ತದೆ.

ಸಂಜೆ ಮುನಿಯಮ್ಮ ಜ್ವರದಲ್ಲೇ ಎದ್ದು ಕೂತು ಲಚ್ಚಿಯ ಬಾಯನ್ನು ಉಪ್ಪುನೀರಲ್ಲಿ ತೊಳೆದಳು. ನಾಲಿಗೆ ಹರಿದಿತ್ತು. ಬೆಲ್ಲ ಕೊಟ್ಟರೂ ಮುಟ್ಟಲಿಲ್ಲ. ಪಟಾಕಿಯಿಂದ ಹೀಗಾಯಿತು ಎಂದೆ. ಅವಳು ಲಗಾಮನ್ನು ಮೂಸಿ ನೋಡಿ ಗೂಟಕ್ಕೆ ತೂಗುಹಾಕಿದಳು.

ಮರುವರ್ಷ ಕುದುರೆ ತರಲು ಸಮಿತಿಯವರು ಮತ್ತೆ ನನ್ನನ್ನೇ ಕಳಿಸಿದರು. ಅದೇ ನಮ್ಮ ಕಡೆಯ ಭೇಟಿ. ಮುಂದಿನ ಬೇಸಿಗೆಗೆ ಮುನಿಯಮ್ಮ ತೀರಿಕೊಂಡಳು. ಆ ದಿನ ಅವಳು ಲಾಯದ ಬಾಗಿಲಲ್ಲೇ ನನ್ನನ್ನು ತಡೆದು, “ಬಗ್ಗಿ” ಎಂದಳು. ಬಗ್ಗಿ ಉಸಿರು ಬಿಟ್ಟೆ. ಕಣ್ಣು ಮುಚ್ಚಿ ಮೂಸಿದಳು.

“ಬರೀ ಕಾಫಿ ವಾಸ್ನೆ” ಎಂದಳು. “ಆದ್ರೂ ನಿಮ್ಗೆ ಕೊಡಾಕಿಲ್ಲ, ಮೇಷ್ಟ್ರೇ.”